ಖಾಲಿ ಗಾಡಿ ತೂಕ

ಮಾಚೇನಹಳ್ಳಿ ತಿರುವಿನಲ್ಲಿ, ಅರವತ್ತು ಟನ್ನಿನ ಕಾಟಾದ ಪಕ್ಕ
ಹದಿನೇಳು ವರ್ಷದಿಂದ ಲಾರಿ ತೂಗುತ್ತಿದ್ದೇನೆ.
ತುಂಬಿದ ಗಾಡಿಯಲ್ಲಿ ಖಾಲಿ ಗಾಡಿ ಕಳೆದರೆ
ಉಳಿದದ್ದು ಮಾಲು. ನನಗೆ ಬರುವ ಲೆಕ್ಕ ಇದೊಂದೇ.
ಜೋಳ, ಜಲ್ಲಿ, ನೀಲಗಿರಿ ದಿಮ್ಮಿ, ಗುಜರಿ ಕಬ್ಬಿಣ,
ಒಮ್ಮೆ ಸಕ್ರೆಬೈಲಿನ ಆನೆ,
ಲಾರಿಯಲ್ಲೇ ನಿಂತು ಕಬ್ಬು ಜಗಿಯುತ್ತಿತ್ತು,
ತನ್ನ ತೂಕಕ್ಕೆ ಚೂರೂ ನಾಚದೆ.

ನಾನು ನಾಚಿದೆ. ಆಸ್ಪತ್ರೆಯ ಪುಟ್ಟ ತಕ್ಕಡಿ
ತೊಂಬತ್ನಾಲ್ಕು ಅಂತ ನರ್ಸಿಗೆ ಕೇಳುವಂತೆ ಕಿರುಚಿತು.
ಅವತ್ತೇ ರಾತ್ರಿ, ಗಾಡಿಗಳಿಲ್ಲದ ಹೊತ್ತು,
ಚಪ್ಪಲಿ ಬಿಟ್ಟು ಕಾಟಾ ಹತ್ತಿದೆ: ತೊಂಬತ್ತು.
ಅದಕ್ಕೆ ಹತ್ತರ ಕೆಳಗೆ ಕಣ್ಣು ಕಾಣಿಸೋದಿಲ್ಲ.
ನಾಲ್ಕು ಕೇಜಿ ಮಾಫಿ.

ಫ್ಲೇವಿಯಾ ಮೇಡಂ ಹಸಿರು ಶಾಯಿಯಲ್ಲಿ ಬರೆದುಕೊಟ್ಟರು:
ದಿನಕ್ಕೆ ಸಾವಿರದ ಎಂಟುನೂರು.
"ಕ್ಯಾಲೊರಿ ಅಂದ್ರೆ ವಿಷ ಅಲ್ಲ, ಡೀಸೆಲ್ಲು ಅಂದ್ಕೊಳ್ಳಿ.
ಓಡಿದ್ದಕ್ಕಿಂತ ಜಾಸ್ತಿ ತುಂಬಿಸ್ತಾ ಬಂದಿದ್ದೀರಿ, ಅಷ್ಟೆ."

ನಾನು ಜಾಣ. ಟ್ಯಾಂಕನ್ನೇ ಬತ್ತಿಸಿದೆ.
ಮೂರು ದಿನ ಸೌತೆಕಾಯಿ, ನೀರುಮಜ್ಜಿಗೆ.
ಮೂರನೇ ಸಂಜೆ ಕರೆಂಟು ಹೋದಾಗ ಕೈಬರಹದ ಚೀಟಿ:
ಹದಿನೆಂಟು ಸಾವಿರದ ನಾನೂರ ಅರವತ್ತು
ಹದಿನಾಲ್ಕು ಸಾವಿರದ ಎಂಟುನೂರ ಅರವತ್ತಾಯಿತು.
ಮೂರೂವರೆ ಟನ್ನು ಸಿಮೆಂಟು ಗಾಳಿಗೆ.
ಓನರ್ ಬೈದದ್ದು ಭದ್ರಾವತಿಗೆ ಕೇಳಿಸಿರಬೇಕು.
ಮೇಡಂ ಬೈಯಲಿಲ್ಲ. ಕೇಳಿದರು:
"ನಿಂತ ಲಾರಿಯೂ ಇಂಜಿನ್ ಆರಿಸದಿದ್ರೆ ಎಣ್ಣೆ ಕುಡಿಯುತ್ತೆ ತಾನೆ?
ನಿಮ್ಮ ಇಂಜಿನ್ ನಿದ್ದೆಯಲ್ಲೂ ಆರಿಸೋ ಹಾಗಿಲ್ಲ."

ಮನೆಗೆ ಬಂದು ಉಂಡೆ.
ಗುತ್ಯಮ್ಮ ನಾಲ್ಕು ಕಡುಬಿನ ಜಾಗದಲ್ಲಿ ಎರಡಿಟ್ಟು
ಉಳಿದ ತಟ್ಟೆಗೆ ಕಳಲೆ ಪಲ್ಯ ಸುರಿದಳು,
ತುಪ್ಪಕ್ಕೆ ಮೊಮ್ಮಗಳ ಔಷಧಿ ಮುಚ್ಚಳ ಅಳತೆ.
ಕಾಟಾದಲ್ಲಿ ಮಾತ್ರ ಆರು ಡ್ರೈವರು, ಆರು ಚಾ,
ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಇಪ್ಪತ್ತು:
ಇನ್ನೂರ ನಲವತ್ತು, ಬರೀ ಮರ್ಯಾದೆಗೆ!
ಸಕ್ಕರೆ ಬೇಡ ಎಂದ ದಿನ ಇಮ್ತಿಯಾಜ್ ಗ್ಲಾಸು ಹಿಡಿದೇ ನಿಂತ,
"ಯಾಕ್ ಸಾಮಿ, ನನ್ಮೇಲೆ ಮುನಿಸಾ?"

ಲಾರಿಯವರ ಆಟ ನನಗೆ ಹೊಸದಲ್ಲ.
ಖಾಲಿ ತೂಕಕ್ಕೆ ಕ್ಲೀನರನ್ನು ಸೀಟಿನಡಿ ಮಲಗಿಸೋದು,
ತುಂಬಿದಾಗ ಒಂದು ಚಕ್ರ ಪ್ಲೇಟಿನಾಚೆ ಬಿಡೋದು.
ಕೂತಲ್ಲಿಂದಲೇ ಕೂಗುತ್ತೇನೆ: ಏಯ್, ಮುಂದೆ ತಗೋ.
ಸೊರಬದಲ್ಲಿ ನಾದಿನಿ ಮಗನ ನಾಮಕರಣ.
ಮೂರು ಹೋಳಿಗೆ ತಿಂದು, ಪುಸ್ತಕದಲ್ಲಿ ಒಂದು ಬರೆದೆ.
ಯಾರೂ ಕೂಗಲಿಲ್ಲ.
ನಿದ್ದೆ ಬರಲಿಲ್ಲ. ಎದ್ದು, ಪೆನ್ಸಿಲ್ ಹುಡುಕಿ,
"ಇನ್ನೆರಡು. ತುಪ್ಪವೂ" ಅಂತ ಸೇರಿಸಿದೆ.
ಕತ್ತಲಲ್ಲೇ ಗುತ್ಯಮ್ಮ: "ಹಾಲಿನ್ ಲೋಟನೂ ಬರ್ಕೋ."

ಒಂಬತ್ತು ತಿಂಗಳು. ಡ್ಯೂಟಿ ಮುಗಿದ ಮೇಲೆ ಚಾನಲ್ ಏರಿಯಲ್ಲಿ ನಡಿಗೆ,
ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು.
ಕೆಲವು ವಾರ ಏನೂ ಇಳಿಯದೆ, ಯಾರ ಮೇಲೋ ಸಿಟ್ಟು.

ನಿನ್ನೆ ರಾತ್ರಿ ಮತ್ತೆ ಕಾಟಾ ಹತ್ತಿದೆ.
ಹಿಂದೆಯೇ ರಸೀದಿ, ಕಾಟಾದ ನಾಯಿ, ಬಾಲ ಅಲ್ಲಾಡಿಸುತ್ತ.
ಕೆಂಪು ಅಂಕಿ: ತೊಂಬತ್ತು.
ಎದೆ ಧಸಕ್ ಅಂತು. ಹಂಗಾದ್ರೆ ಇಷ್ಟು ದಿನ?
ಕೆಳಗಿಳಿದೆ. ಅಂಕಿ ಸೊನ್ನೆಗೆ ಬರಲಿಲ್ಲ:
ಹತ್ತು, ಅಂತ ಹಟ ಹಿಡಿದು ಕೂತಿತು.
ಪ್ಲೇಟಿನ ನಡುವೆ ರಸೀದಿ, ನಾನು ಬಿಟ್ಟ ಬಿಸ್ಕೀಟೆಲ್ಲ
ಒಂದೂ ಹಾಳಾಗದಂತೆ ಮೈಯಲ್ಲಿಟ್ಟುಕೊಂಡು,
ನಾಳೆಯ ಪ್ಯಾಕೆಟ್ಟು ಎಲ್ಲಿ ಅಂತ ನೋಡುತ್ತಿತ್ತು.